ಎಂಬತ್ತೆರಡರ ವಾಲ್ವು

ಆ ಭಾನುವಾರ ನಮ್ಮ ಮನೆಯ ಒಲೆಯ ಮೇಲೆ ಅಡುಗೆ ಇರಲಿಲ್ಲ. ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಅದರೊಳಗೆ ದಾರಕ್ಕೆ ಕಟ್ಟಿದ ಒಂದು ವಾಲ್ವು ನೇತಾಡುತ್ತಿತ್ತು. ನಮ್ಮ ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ನೀರಿಗೆ ಇಳಿಬಿಟ್ಟು ನಿಂತಿದ್ದರು. ಗೋಡೆಯ ಆಚೆಯಿಂದ ಅಕ್ಕ ಕೂಗಿದಳು.

"ಏನೇ, ಇನ್ನೂ ಬೇಯ್ಲಿಲ್ವೇನೆ ನಿಮ್ ಭಾವನ ಸಾರು?"

"ಉಪ್ಪು ಸಾಲ್ದು ಅಂತವ್ರೆ ಕಣಕ್ಕ," ಅಂದೆ.

ಅಕ್ಕನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹಿಂದೊಮ್ಮೆ ಭಾವ ಅವಳ ಸಾರಿನ ಪಾತ್ರೆಯಲ್ಲಿ ಹಳೇ ವಾಲ್ವು ಕುದಿಸಿ, ಎಂಜಿನ್ ತಂಪಾಗಿಡುವ ಕೂಲೆಂಟಿನ ಹಸಿರು ಅದಕ್ಕೆ ಅಂಟಿ, ಪಾತ್ರೆಯನ್ನೇ ಬಿಸಾಡಬೇಕಾಯಿತು. ಅಂದಿನಿಂದ ಅವರಿಗೆ ಅವಳ ಅಡುಗೆಮನೆ ಬಂದ್. ನನ್ನ ಪಾತ್ರೆ ಅವರ ಪಾಲಿಗೆ ಬಂತು. ಕಡ್ಡಿಯನ್ನು ಅವರು ಓದುವುದು, ವಾಲ್ವಿನ ಬಾಯಿ ನಾನು ನೋಡುವುದು. ಹೊಲಿಗೆಯವಳ ಕಣ್ಣು, ಗೆರೆಯಷ್ಟು ಸಂದು ಬಿಟ್ಟರೂ ಕಾಣುತ್ತದೆ ಅನ್ನುವುದು ಅವರ ನಂಬಿಕೆ.

"ತೆಗೀತಾ ಅಮ್ಮಣ್ಣಿ?"

"ಇಲ್ಲ ಭಾವ."

"ಈಗ?"

"ಹೂಂ, ದಾರದಷ್ಟು."

ಕಾರಿನ ಎಂಜಿನ್ನಿಗೂ ಮುಂದಿನ ರೇಡಿಯೇಟರಿಗೂ ನಡುವೆ ಇರುವ ಪುಟ್ಟ ಬಾಗಿಲು ಅದು. ಥರ್ಮೋಸ್ಟಾಟ್ ಅನ್ನುವುದು ಡಬ್ಬಿಯ ಮೇಲಿನ ಹೆಸರು, ವಾಲ್ವು ಅನ್ನುವುದು ಗ್ಯಾರೇಜಿನ ಹೆಸರು. ಹೊಟ್ಟೆಯಲ್ಲಿ ಚಿಟಿಕೆ ಮೇಣ ಇರುತ್ತದೆ. ಎಂಜಿನ್ನಿನ ನೀರು ಕಾದಾಗ ಮೇಣ ಕರಗಿ ಉಬ್ಬಿ ಬಾಗಿಲನ್ನು ತಳ್ಳುತ್ತದೆ, ಬಿಸಿನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕು ಎಂಬುದನ್ನು ಅದರ ಅಂಚಿಗೆ ಒತ್ತಿರುತ್ತಾರೆ. ಇಷ್ಟೂ ನನಗೆ ಗೊತ್ತಾಗಿದ್ದು ಆ ಪಾತ್ರೆಯ ಮುಂದೆ ನಿಂತೇ.

ಅವತ್ತು ಮೂರು ವಾಲ್ವುಗಳಿದ್ದವು. ಕಾರಿನ ಜೊತೆಗೇ ಬಂದಿದ್ದು ಎಂಬತ್ತೆಂಟರದು. ಜೋರಾಗಿ ಓಡಿಸುವವರು ತರಿಸಿಕೊಳ್ಳುವುದು ಎಪ್ಪತ್ತಾರರದು. ಇವೆರಡರ ನಡುವೆ ಎಂಬತ್ತೆರಡರದು, ಭಾವ ಬೆಂಗಳೂರಿನಿಂದ ತರಿಸಿದ್ದು. ಎಂಬತ್ತೆಂಟೂ ಎಪ್ಪತ್ತಾರೂ ತಮ್ಮ ತಮ್ಮ ಡಿಗ್ರಿಗೆ ಸರಿಯಾಗಿ ಬಾಯಿಬಿಟ್ಟವು. ಎಂಬತ್ತೆರಡರದು ಅರ್ಧ ತೆರೆದು ನಿಂತುಬಿಟ್ಟಿತು. ತಳದಿಂದ ಗುಳ್ಳೆ ಏಳುತ್ತಿದ್ದರೂ ಅದು ಅಲ್ಲಾಡಲಿಲ್ಲ. ಆಮೇಲೆ, ಯಾರೋ ಹಿಂದಿನಿಂದ ತಳ್ಳಿದ ಹಾಗೆ, ಟಕ್ಕೆಂದು ಪೂರ್ತಿ ತೆರೆಯಿತು.

"ಭಾವ, ಇದು ಮಧ್ಯದಾಗೆ ನಿಂತ್ಕಂತು."

"ಹೊಸದಲ್ವಾ, ನಾಚ್ಕೆ."

ತಣ್ಣೀರಿಗೆ ಹಾಕಿ ಮತ್ತೆ ಕಾಯಿಸಿದರು. ಸರಿಯಾಗಿ ತೆರೆಯಿತು. ಇನ್ನೊಮ್ಮೆ ಕಾಯಿಸಿದರು. ಆಗಲೂ ಸರಿಯಾಗಿ ತೆರೆಯಿತು. "ನೋಡ್ದಾ? ಅತ್ತೆಮನೆಗೆ ಒಗ್ಗಿಕೊಂಬುಡ್ತು," ಅಂದು ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಪಾತ್ರೆ ತೊಳೆದು ಕವುಚಿದೆ. ಸಾಯಂಕಾಲ ಬೀದಿಯಲ್ಲಿ ಬಾನೆಟ್ ಎತ್ತಿದ ಸದ್ದು, ಸ್ಪ್ಯಾನರ್ ಬಿದ್ದ ಸದ್ದು, ಎಂಜಿನ್ ಗುನುಗಿದ ಸದ್ದು ಕೇಳಿದವು. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು. ಅದೇ ಕೊನೆಯ ಸಾಧಾರಣ ದಿನ.

ಭಾವನ ಗ್ಯಾರೇಜು ಹಿಂದೂಪುರದಿಂದ ಪರಿಗಿಗೆ ಹೋಗುವ ರಸ್ತೆಯಲ್ಲಿತ್ತು. ಹುಣಸೆಹಣ್ಣಿನ ಕಾಲದಲ್ಲಿ ಮಂಡಿಗೆ ಹೋಗುವ ಗಾಡಿಗಳೆಲ್ಲ ಅವರ ಬಾಗಿಲು ಹಾದೇ ಹೋಗಬೇಕು. ಹುಳಿ ವಾಸನೆಯೂ ಆಯಿಲ್ ವಾಸನೆಯೂ ಕೂಡಿ ಅವರ ಅಂಗಿಯಲ್ಲಿ ಒಂದು ಬೇರೆಯೇ ವಾಸನೆ ಇರುತ್ತಿತ್ತು. ಅಕ್ಕ ಎಷ್ಟು ಒಗೆದರೂ ಅದು ಹೋಗಲಿಲ್ಲ. ಈಗ ಅವಳು ಆ ಅಂಗಿಗಳನ್ನು ಒಗೆಯುವುದಿಲ್ಲ.

ಆ ಕಾರು ಅವರ ಸ್ವಂತದ್ದು. ಎಲ್ಲೋ ಹೆದ್ದಾರಿಯಲ್ಲಿ ಗುದ್ದಿಸಿಕೊಂಡು ಚಿಲಮತ್ತೂರಿನ ಬಳಿ ಮುಳ್ಳುಕಂಟಿಯಲ್ಲಿ ನಿಂತಿದ್ದ ಪೆಟ್ರೋಲ್ ಟರ್ಬೊ ಗಾಡಿಯನ್ನು ಎಳೆಸಿಕೊಂಡು ಬಂದಿದ್ದರು. ಅದನ್ನು ಬಿಚ್ಚಿ ಕಟ್ಟಿ, ಬೆಂಗಳೂರಿನಲ್ಲಿ ಅದರ ಕಂಪ್ಯೂಟರನ್ನು ಟ್ಯೂನ್ ಮಾಡಿಸಿ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಒತ್ತಡ ಏರಿಸಿಕೊಂಡಿದ್ದರು. ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಅಕ್ಕ ಒಮ್ಮೆ ಮಾತ್ರ ಅದರಲ್ಲಿ ಮುಂದೆ ಕೂತಳು. ಇಳಿದವಳೇ, "ಇದು ಗಾಡಿಯಲ್ಲ, ಸಿಟ್ಟು ಬಂದಿರೋ ಎಮ್ಮೆ," ಅಂದಳು.

"ಎಮ್ಮೆ ಅಲ್ಲ ಕಣೆ, ಕುದ್ರೆ," ಅಂದರು ಭಾವ.

"ಕುದ್ರೆನಾದ್ರೂ ಮೇವು ತಿಂತದೆ. ಇದು ನಮ್ಮನ್ನೇ ತಿಂತದೆ."

ತಮಾಷೆಗೆ ಆಡಿದ ಮಾತು.

ಟ್ಯೂನ್ ಮಾಡಿದ ಎಂಜಿನ್ನು ಹೆಚ್ಚು ಬಿಸಿ ಹುಟ್ಟಿಸುತ್ತದೆ. ಅದಕ್ಕೆ ಎಂಬತ್ತೆಂಟರ ವಾಲ್ವು ತಡ ಮಾಡುತ್ತದೆ ಅನ್ನುವುದು ಅವರ ಲೆಕ್ಕ. ಹಾಗಾದರೆ ಎಪ್ಪತ್ತಾರರದನ್ನೇ ಹಾಕಬಹುದಲ್ಲ ಎಂದು ಒಮ್ಮೆ ಕೇಳಿದೆ.

"ಬಾಗ್ಲು ಬೇಗ ತೆಗೆದ್ರೆ ಮನೆ ದೊಡ್ಡದಾಯ್ತದಾ ಅಮ್ಮಣ್ಣಿ? ರೇಡಿಯೇಟರ್ ಎಷ್ಟು ಐತೋ ಅಷ್ಟೇ. ತೀರಾ ತಣ್ಣಗಿಟ್ರೆ ಗಾಡಿಗೆ ಇನ್ನೂ ಬೆಳಗಾಗಿಲ್ಲ ಅನ್ನಿಸ್ತದೆ. ಪೆಟ್ರೋಲ್ ಜಾಸ್ತಿ ಕುಡೀತದೆ, ಆಯಿಲ್ ಗಟ್ಟಿಯಾಗೇ ಇರ್ತದೆ. ಟರ್ಬೊಗೆ ತೆಳು ಆಯಿಲ್ ಬೇಕು. ಅತಿ ಬಿಸಿನೂ ಬ್ಯಾಡ, ಅತಿ ತಂಪೂ ಬ್ಯಾಡ."

ಹೀಗೆ ಎಂಬತ್ತೆರಡು ಅವರ ಮನಸ್ಸಿನಲ್ಲಿ ಕೂತಿತು.

ಕಲ್ಯಾಣದುರ್ಗದಲ್ಲಿ ಅವರಿಗೆ ಒಬ್ಬ ಶಿಷ್ಯನಿದ್ದ. ಹಿಂದೆ ಭಾವನ ಗ್ಯಾರೇಜಿನಲ್ಲೇ ಕೆಲಸ ಕಲಿತು, ತನ್ನೂರಿಗೆ ಹೋಗಿ ಶೆಡ್ಡು ಹಾಕಿಕೊಂಡವನು. ಮನೆಮಾತು ತೆಲುಗು. ಅವನು ಇವರನ್ನು ಅನ್ನಾ ಎಂದೂ ಅಕ್ಕನನ್ನು ವದಿನಾ, ಅಂದರೆ ಅತ್ತಿಗೆ, ಎಂದೂ ಕರೆಯುತ್ತಿದ್ದ, ಇವರು ಅವನನ್ನು ತಮ್ಮುಡು ಅನ್ನುತ್ತಿದ್ದರು. ನಾವೂ ತಮ್ಮುಡು ಎಂದೇ ಕರೆಯುತ್ತೇವೆ. ಇಬ್ಬರಿಗೂ ಈ ವಾಲ್ವಿನ ವಿಷಯಕ್ಕೆ ಯಾವಾಗಲೂ ಜಗಳ.

ನಮ್ಮ ಸೀಮೆಯ ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಗಾಡಿಗಳ ವಾಲ್ವು ಕಿತ್ತುಬಿಡುತ್ತಾರೆ. ಬಾಗಿಲೇ ಇಲ್ಲದಿದ್ದರೆ ನೀರು ಸದಾ ಹರಿಯುತ್ತದೆ, ಗಾಡಿ ಕುದಿಯುವುದಿಲ್ಲ ಎಂಬ ಧೈರ್ಯ. ತಮ್ಮುಡು ಕಿತ್ತ ವಾಲ್ವುಗಳನ್ನೆಲ್ಲ ಒಂದು ತಂತಿಗೆ ಪೋಣಿಸಿ ಶೆಡ್ಡಿನ ಬಾಗಿಲಿಗೆ ಕಟ್ಟಿದ್ದ. ದೀಪಾವಳಿ ಹೊತ್ತಿಗೆ ಬಂದು ಹಾಕಿಸಿಕೊಳ್ಳಬೇಕು. ಯಾರೂ ಬರುವುದಿಲ್ಲ. ಗಾಳಿ ಬೀಸಿದರೆ ಅವು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಒಮ್ಮೆ ಭಾವನ ಜೊತೆ ಹೋದಾಗ ಅಕ್ಕ ಅದನ್ನು ನೋಡಿ, "ಬಾಗ್ಲಿಗೆ ಹಲ್ಲು ಕಟ್ಕೊಂಡಂಗೆ ಐತೆ, ತೆಗ್ಯೋ ಅದನ್ನ," ಅಂದಿದ್ದಳು.

ಆ ಬೇಸಿಗೆ ತಮ್ಮುಡು ಯಾವುದೋ ಕೆಲಸಕ್ಕೆ ಹಿಂದೂಪುರಕ್ಕೆ ಬಂದವನು ಅಕ್ಕನ ಮನೆಯಲ್ಲೇ ಊಟಕ್ಕೆ ಕೂತ. ಮುದ್ದೆ ಮುರಿಯುವ ಮೊದಲೇ ಮಾತು ಶುರುವಾಯಿತು.

"ಮನ ಎಂಡಕು ವಾಲ್ವು ಎಂದುಕನ್ನಾ? ನಮ್ಮ ಬಿಸ್ಲಿಗೆ ಅದ್ಯಾಕೆ? ಚಳಿ ದೇಶದೋರು ಮಾಡ್ಕೊಂಡಿದ್ದು. ತೆಗೆದು ಬಿಸಾಕಿ."

"ಲೇ ತಮ್ಮುಡೂ, ಬಾಗ್ಲಿಲ್ದಿರೋ ಮನ್ಯಾಗೆ ಮಲಗ್ತೀಯೇನ್ಲಾ?"

"ಎಂಡಾಕಾಲಂಲೋ, ಬೇಸಿಗೇಲಿ, ಮಾಳಿಗೆ ಮೇಲೇ ಮಲಗೋದು ಅನ್ನಾ. ಬಾಗ್ಲೂ ಇಲ್ಲ, ಗೋಡೇನೂ ಇಲ್ಲ."

ಅಕ್ಕ ನಕ್ಕು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಭಾವ ನಗಲಿಲ್ಲ. ತಮ್ಮ ಕೈಯಲ್ಲಿ ಕಲಿತವನು ತಮ್ಮ ಮನೆಯಲ್ಲೇ ಗೆಲ್ಲುವುದು ಅವರಿಗೆ ಆಗಿಬರಲಿಲ್ಲ.

"ವಾಲ್ವು ಒಳಗಿಟ್ಕೊಂಡು, ಏಸಿ ಹಾಕ್ಕೊಂಡು, ಮಟಮಟ ಮಧ್ಯಾಹ್ನ ನಿನ್ ಶೆಡ್ಡಿಗೆ ಬತ್ತೀನಿ. ಒಂದು ತೊಟ್ಟು ನೀರು ಉಕ್ಕಿದ್ರೆ ನನ್ ವಾಲ್ವುನ ನಾನೇ ನಿನ್ ತಂತಿಗೆ ನೇತಾಕ್ತೀನಿ."

"ವದ್ದನ್ನಾ, ಬೇಡ," ಅಂದ ತಮ್ಮುಡು. ಆಗ ಅವನು ನಗುತ್ತಿರಲಿಲ್ಲ. ಮಾತು ಆಗಲೇ ಹೊರಗೆ ಬಿದ್ದಿತ್ತು.

ಭಾವನ ಎರಡು ಗುಣಗಳನ್ನು ಇಲ್ಲಿ ಹೇಳಬೇಕು. ಎಲ್ಲರೂ ಮೆಚ್ಚುತ್ತಿದ್ದ ಗುಣಗಳೇ.

ಒಂದು, ದಾರಿಯಲ್ಲಿ ಎಲ್ಲೇ ನಿಂತರೂ ಮೊದಲು ಗಾಡಿಗೆ ನೀರು ನೋಡಿ ಆಮೇಲೆ ತಾವು ಕುಡಿಯುತ್ತಿದ್ದರು. ಒಮ್ಮೆ ಹಳೇ ವ್ಯಾನಿನಲ್ಲಿ ಪೆನುಕೊಂಡದ ಏರು ಹತ್ತುವಾಗ ಗಾಡಿ ಕಾದಿತ್ತು. ನಮ್ಮ ಬಳಿ ಇದ್ದದ್ದು ಒಂದೇ ಕ್ಯಾನು. ನನಗೆ ಗಂಟಲು ಒಣಗಿ ಕೈ ಚಾಚಿದೆ. ಅವರು ನನ್ನ ಕೈಯನ್ನು ಮೆತ್ತಗೆ ಸರಿಸಿ, "ಇರಮ್ಮಣ್ಣಿ. ನಮ್ಗೆ ಬಾಯೈತೆ, ಕೇಳಿ ಕುಡೀಬೋದು. ಅದ್ಕೆ ಬಾಯಿಲ್ಲ," ಅಂದು ಇಡೀ ಕ್ಯಾನು ರೇಡಿಯೇಟರಿಗೆ ಸುರಿದರು. ಆಮೇಲೆ ದೂರದ ಯಾರದೋ ತೋಟಕ್ಕೆ ನಡೆದುಹೋಗಿ ನಮಗೆ ನೀರು ತಂದುಕೊಟ್ಟರು. ಎಲ್ಲರೂ ಕುಡಿದ ಮೇಲೆ ಉಳಿದದ್ದನ್ನು ತಾವು ಕುಡಿದರು.

ಇನ್ನೊಂದು, ರಸ್ತೆಯಲ್ಲಿ ಗಾಡಿ ಕೆಟ್ಟರೆ ಯಾರಿಗೂ ಕೈ ಅಡ್ಡ ಹಾಕುತ್ತಿರಲಿಲ್ಲ. "ಮೆಕಾನಿಕ್ಕು ರೋಡ್ನಾಗೆ ನಿಂತು ಕೈ ತೋರ್ಸಿದ್ರೆ, ಪೂಜಾರಿ ಗುಡಿ ದಾರಿ ಕೇಳ್ದಂಗೆ," ಅನ್ನುತ್ತಿದ್ದರು. ಯಾರಾದರೂ ತಾವಾಗೇ ನಿಲ್ಲಿಸಿದರೂ, ಹೋಗ್ರಪ್ಪ ಹೋಗ್ರಿ ಎಂದು ಅಂಗೈ ಆಡಿಸಿ ಕಳಿಸುತ್ತಿದ್ದರು. ಆ ಅಂಗೈ ಈಗಲೂ ನನ್ನ ಕಣ್ಣ ಮುಂದಿದೆ. ಎಷ್ಟು ತೊಳೆದರೂ ಗೆರೆಗಳಲ್ಲಿ ಕಪ್ಪು ಉಳಿದ ಅಂಗೈ.

ಸ್ಟೇರಿಂಗ್ ಮುಂದಿನ ಬಿಸಿ ತೋರಿಸುವ ಗೇಜನ್ನು ಅವರು ನಂಬುತ್ತಿರಲಿಲ್ಲ. "ಈ ಮುಳ್ಳು ಯಾರ್ಗೂ ಬೇಜಾರು ಮಾಡಲ್ಲ. ಒಳಗೆ ಬಿಸಿ ಏರ್ತಿದ್ರೂ ಮಧ್ಯದಾಗೇ ನಿಂತಿರ್ತದೆ. ಇದು ಎದ್ದು ಹೇಳೋ ಹೊತ್ಗೆ ಹೊತ್ತು ಮೀರಿರ್ತದೆ," ಅಂದಿದ್ದರು.

"ನಿಮ್ ಮೊಕನೂ ಅಂಗೇ ಅಲ್ವಾ," ಅಂದಳು ಅಕ್ಕ. ಆ ದಿನಗಳಲ್ಲಿ ಅವರು ಗ್ಯಾರೇಜಿನಿಂದ ಬಂದವರೇ ಜಗುಲಿಯ ಮೇಲೆ ಎದೆಗೆ ಕೈ ಒತ್ತಿಕೊಂಡು ಕೂರುತ್ತಿದ್ದರು. ಏನೆಂದು ಕೇಳಿದರೆ ಬಿಸಿಲು ಅನ್ನುತ್ತಿದ್ದರು. ಆಸ್ಪತ್ರೆಗೆ ಹೋಗೋಣ ಅಂದರೆ, ಈ ಕೆಲಸ ಒಂದು ಮುಗೀಲಿ ಅನ್ನುತ್ತಿದ್ದರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಸಾಮಾನ್ಯವಾಗಿ ಹೊಸ ವಾಲ್ವು ಹಾಕಿದರೆ ಊರೊಳಗೇ ನಾಲ್ಕು ದಿನ ಓಡಿಸಿ ನೋಡುವವರು ಅವರು. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಗಾಡಿ ಕುದಿಯುತ್ತದೆ, ಗಾಳಿ ಪೂರ್ತಿ ಹೊರಗೆ ಹೋಗಬೇಕು ಎಂದು ಅವರೇ ಹೇಳಿದ್ದು. ಈ ಸಲ ಕಾಯಲಿಲ್ಲ. ಪಡುವಣದ ಮೋಡ ಅವರನ್ನು ಅವಸರಪಡಿಸಿತು.

"ಮಳೆ ಬಂದು ತಣ್ಣಗಾದ್ಮೇಲೆ ಹೋದ್ರೆ ಗೆದ್ದೂ ಸೋತಂಗೆ ಕಣೆ. ನಾಳೇನೇ ಹೋಗ್ಬುಟ್ಟು ಬತ್ತೀನಿ."

ಸೋಮವಾರ ಬಿಸಿಲು ಏರುವವರೆಗೂ ಬೇಕೆಂದೇ ಕಾದು ಹೊರಟರು. ಅಕ್ಕ ಬಾಗಿಲಲ್ಲಿ ನಿಂತು ಕುಡಿಯುವ ನೀರಿನ ದೊಡ್ಡ ಕ್ಯಾನು ಕೊಟ್ಟಳು. "ಇದು ನಿಮ್ಗೆ. ಗಾಡಿಗಲ್ಲ," ಅಂದಳು. ಅವರು ಆಗಲಿ ಎನ್ನುವಂತೆ ತಲೆ ಆಡಿಸಿದರು. ನಾನು ಹೊಲಿಗೆ ಯಂತ್ರದ ಮುಂದಿನಿಂದಲೇ ಕೂಗಿದೆ, "ಭಾವ, ನಿಮ್ ನಾಚ್ಕೆ ಹೆಣ್ಣು ಹುಷಾರು!" ಅವರು ಗಾಜು ಇಳಿಸಿ, "ಒಗ್ಗಿಕೊಂಡೈತೆ ಬುಡು," ಅಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಮಡಕಶಿರಾ ದಾಟಿ, ಪಾವಗಡ ದಾಟಿದರೆ ಆಚೆಗೆ ಮರಗಳು ಕಡಿಮೆ. ದೂರದಲ್ಲಿ ಸೋಲಾರ್ ಹಲಗೆಗಳು ಕೆರೆ ತುಂಬಿದ ಹಾಗೆ ಮಿನುಗುತ್ತವೆ, ನೀರು ಮಾತ್ರ ಇರುವುದಿಲ್ಲ. ಆ ರಸ್ತೆಯಲ್ಲಿ, ಕಲ್ಯಾಣದುರ್ಗದ ಗಾಳಿಯಂತ್ರಗಳು ಕಾಣಲು ಶುರುವಾಗುವ ಕಡೆ, ಗಾಡಿ ಕಾಯಿತು.

ಬರುತ್ತೇನೆಂದು ಹೇಳಿ ಹೊರಟಿದ್ದ ಭಾವ ಎಷ್ಟು ಹೊತ್ತಾದರೂ ಬಾರದ್ದಕ್ಕೆ ತಮ್ಮುಡು ಫೋನ್ ಮಾಡಿದ. ಭಾವ ಎತ್ತಿದರು.

"ಅನ್ನಾ, ಎಕ್ಕಡುನ್ನಾರು? ಎಲ್ಲಿದೀರಾ?"

"ಎಳನೀರು ಕುಡೀತಾ ಕುಂತಿದೀನಿ ಕಣ್ಲಾ. ಬತ್ತೀನಿ. ವಾಲ್ವು ಒಳಗೇ ಐತೆ, ನೀನು ಗೆದ್ದೆ ಅನ್ಕೋಬ್ಯಾಡ."

ದನಿ ಸ್ವಲ್ಪ ತೊದಲುತ್ತಿತ್ತು, ಬಾಯಲ್ಲಿ ಎಳನೀರಿನ ಗಂಜಿ ಇದೆ ಅಂದುಕೊಂಡೆ ಎಂದು ತಮ್ಮುಡು ಆಮೇಲೆ ಹೇಳಿದ. ಇನ್ನೊಮ್ಮೆ ಮಾಡಿದಾಗ ಎತ್ತಲಿಲ್ಲ. ಅವನು ಬೈಕ್ ತೆಗೆದುಕೊಂಡು ಪಾವಗಡದ ಕಡೆಗೆ ಹೊರಟ.

ಎಳನೀರು ಮಾರುವವರು ಆ ಸುತ್ತಿನಲ್ಲಿ ಇಲ್ಲ. ಆ ದಾರಿಯಲ್ಲಿ ಹಾಲಿನ ವ್ಯಾನು ಓಡಿಸುವವನೊಬ್ಬ ಆಮೇಲೆ ತಮ್ಮುಡುಗೆ ಸಿಕ್ಕಿ ಹೇಳಿದನಂತೆ, ಬಾನೆಟ್ ಎತ್ತಿಕೊಂಡಿದ್ದ ಕಾರಿನ ಪಕ್ಕ ನಿಲ್ಲಿಸಿ ಏನಾಯಿತು ಎಂದು ಕೇಳಿದೆ, ನಾನೇ ಮೆಕಾನಿಕ್ಕು ಹೋಗಪ್ಪ ಎಂದು ಅಂಗೈ ಆಡಿಸಿದರು, ಅಂತ.

ತಮ್ಮುಡು ಹೋದಾಗ ಬಾನೆಟ್ ಮುಚ್ಚಿತ್ತು. ಸ್ಪ್ಯಾನರುಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಭಾವ ಮುಂದಿನ ಚಕ್ರಕ್ಕೆ ಒರಗಿ ಕೂತಿದ್ದರು. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು, ಬೆವರೇ ಇರಲಿಲ್ಲ. ಉಸಿರಿತ್ತು. ಅಕ್ಕ ಕೊಟ್ಟ ಕ್ಯಾನು ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಅವನು ಅವರನ್ನು ಅದೇ ಕಾರಿಗೆ ಹಾಕಿಕೊಂಡು ಕೀಲಿ ತಿರುವಿದ. ಎಂಜಿನ್ನು ತಣ್ಣಗಾಗಿತ್ತು. ಒಂದೇ ಸಲಕ್ಕೆ ಹಿಡಿಯಿತು.

ಕಲ್ಯಾಣದುರ್ಗದ ಆಸ್ಪತ್ರೆ ಬಾಗಿಲು ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಬಿಸಿಲು ಬಡಿದಿದೆ ಅಂದರು ಡಾಕ್ಟರು.

ನಾವು ಅಲ್ಲಿಗೆ ತಲುಪಿದಾಗ ತಮ್ಮುಡು ಮೆಟ್ಟಿಲ ಮೇಲೆ ಕೂತಿದ್ದ. ಅಕ್ಕನನ್ನು ನೋಡಿದ ಕೂಡಲೇ ಎದ್ದು ಅವಳ ಕಾಲು ಹಿಡಿದುಕೊಂಡ.

"ಮುಳ್ಳು ಮಧ್ಯಕ್ಕೂ ಬರ್ಲಿಲ್ಲ ವದಿನಾ. ಅಷ್ಟು ಜೋರಾಗಿ ಓಡಿಸ್ದೆ, ಗಾಡಿ ಬಿಸಿನೇ ಆಗ್ಲಿಲ್ಲ. ಒಳಗೆ ವಾಲ್ವಿಲ್ಲ. ನಮ್ ಅನ್ನಾನೇ ಅದನ್ನ ತೆಗೆದ್ಬುಟ್ಟವ್ರೆ."

ಅವತ್ತು ಅದು ನಮ್ಮ ಕಿವಿಗೆ ಬೀಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅವನು ಗಾಡಿ ಬಿಚ್ಚಿ ತೋರಿಸಿದಾಗ ಅರ್ಥವಾಯಿತು. ಗಾಡಿ ಕುದಿದಾಗ ಭಾವ ಅದು ಆರುವವರೆಗೂ ಬಿಸಿಲಲ್ಲೇ ಕಾದಿದ್ದಾರೆ. ವಾಲ್ವಿನ ಮುಚ್ಚಳ ಬಿಚ್ಚಿ, ಅದನ್ನು ಕಿತ್ತು, ಮುಚ್ಚಳ ಮತ್ತೆ ಬಿಗಿದಿದ್ದಾರೆ. ಕೂಲೆಂಟು ಚೆಲ್ಲಿದ್ದರಿಂದ ಕುಡಿಯುವ ನೀರನ್ನು ಪೂರ್ತಿ ರೇಡಿಯೇಟರಿಗೆ ತುಂಬಿಸಿದ್ದಾರೆ. ಅಷ್ಟೂ ಕೆಲಸ ಅಚ್ಚುಕಟ್ಟು. ಗಾಡಿ ಸರಿಹೋಗಿತ್ತು. ಹತ್ತಿ ಹೊರಡುವುದಷ್ಟೇ ಬಾಕಿ ಇತ್ತು.

ತಮ್ಮುಡು ಹೋಸ್ ಪೈಪು, ಫ್ಯಾನು, ಮುಚ್ಚಳ ಎಲ್ಲ ನೋಡಿದ. ಯಾವುದರಲ್ಲೂ ದೋಷವಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡು ಕುದಿದಿರಬೇಕು, ಇಲ್ಲ ವಾಲ್ವು ಕೈಕೊಟ್ಟಿರಬೇಕು, ಎರಡರಲ್ಲಿ ಒಂದು ಅಂದ. ನೀರು ಬದಲಾದ ಮೇಲೆ ಗಾಳಿಯ ಗುರುತು ಉಳಿಯುವುದಿಲ್ಲ. ವಾಲ್ವು ಸಿಕ್ಕಿದರೆ ಕಾಯಿಸಿ ನೋಡಬಹುದು.

ಮನೆಯಲ್ಲಿ ಎಂಬತ್ತೆಂಟೂ ಎಪ್ಪತ್ತಾರೂ ಡಬ್ಬಿಯಲ್ಲಿದ್ದವು. ಹಾಕಿದ್ದು ಎಂಬತ್ತೆರಡೇ. ಪಾತ್ರೆಯಲ್ಲಿ ಅದು ಒಮ್ಮೆ ಅರ್ಧಕ್ಕೆ ನಿಂತದ್ದನ್ನು ಅಕ್ಕನಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿಟ್ಟು ಕೇಳಿದಳು.

"ಅಂಗಾರೆ ಇವ್ರೇ ಆರಿಸಿ ತಂದಿದ್ದು ಇವ್ರನ್ನ ತಿಂತಾ? ಇಲ್ಲ ಅವಸರ ತಿಂತಾ?"

ಅವಳಿಗೆ ಬೇಕಿದ್ದದ್ದು ಇದಕ್ಕೆ ಉತ್ತರ ಒಂದೇ. ನಾವು ಮೂವರೂ ಆ ಜಾಗಕ್ಕೆ ಹೋದೆವು. ಜಾಲಿ ಪೊದೆಗಳ ಬುಡ, ಜಲ್ಲಿ, ಮೋರಿಯ ಕೆಳಗೆ, ಎಲ್ಲ ಕಡೆ ಹುಡುಕಿದೆವು. ನೆಲದಲ್ಲಿ ಕೂಲೆಂಟಿನ ಹಸಿರು ಕಲೆ ಇನ್ನೂ ಇತ್ತು. ಅವರ ಜೇಬು, ಪೆಟ್ಟಿಗೆ, ಸೀಟಿನ ಸಂದು, ಯಾವುದರಲ್ಲೂ ಸಿಗಲಿಲ್ಲ. ತಮ್ಮುಡು ತನ್ನ ಶೆಡ್ಡಿನ ತಂತಿಯನ್ನು ಬಿಚ್ಚಿ ನನ್ನ ಮಡಿಲಿಗೆ ಸುರಿದು, "ಚೂಡಮ್ಮಾ, ನೀವೇ ನೋಡಿ," ಅಂದ. ಅಲ್ಲಿ ಇರಲು ಸಾಧ್ಯವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಒಂದೊಂದರ ಅಂಚನ್ನೂ ಓದಿದೆ. ಆ ತಂತಿಯನ್ನು ಅವನು ಮತ್ತೆ ಬಾಗಿಲಿಗೆ ಕಟ್ಟಿಲ್ಲ.

ಸೋತದ್ದು ಯಾರ ಕಣ್ಣಿಗೂ ಬೀಳಬಾರದೆಂದು ಭಾವ ಅದನ್ನು ಶಕ್ತಿಯಿದ್ದಷ್ಟು ದೂರ ಎಸೆದರೋ ಏನೋ. ಅಂಥದ್ದೇ ಹೊಸದು ತರಿಸಿ ಕಾಯಿಸೋಣ ಎಂದ ತಮ್ಮುಡು. ಅಂಥದ್ದು ಬೇಡ, ಅದೇ ಬೇಕು ಅಂದಳು ಅಕ್ಕ.

ಕಾರು ಅವನ ಶೆಡ್ಡಿನಲ್ಲೇ ಇದೆ. ಅಕ್ಕ ಅದಕ್ಕೆ ಬೇರೆ ವಾಲ್ವು ಹಾಕಲು ಬಿಟ್ಟಿಲ್ಲ. ಆಮೇಲೆ ಮಳೆ ಬಂತು, ಜಾಲಿ ಪೊದೆಗಳು ಬೆಳೆದವು. ಆ ದಾರಿಯಲ್ಲಿ ಹೋದಾಗಲೆಲ್ಲ ತಮ್ಮುಡು ಬೈಕ್ ನಿಲ್ಲಿಸಿ ಸ್ವಲ್ಪ ಹೊತ್ತು ಹುಡುಕುತ್ತಾನಂತೆ. ನನ್ನ ಹಾಲಿನ ಪಾತ್ರೆಯಲ್ಲಿ ಆಮೇಲೆ ನಾನು ಹಾಲು ಕಾಯಿಸಿಲ್ಲ. ಡಿಗ್ರಿ ಕಡ್ಡಿಯನ್ನೂ ದಾರವನ್ನೂ ಅದರೊಳಗೇ ಇಟ್ಟಿದ್ದೇನೆ. ಎಂಬತ್ತೆರಡರ ವಾಲ್ವು ಇನ್ನೂ ಸಿಕ್ಕಿಲ್ಲ.